ಮರಗಟ್ಟಿದ ಅರ್ಧ ತುಟಿ

ಮಾರ್ಚ್ ೧೨, ಮಂಗಳವಾರ

ಕೆಳತುಟಿಯ ಬಲಭಾಗ ಇನ್ನೂ ನನ್ನದಲ್ಲ. ನೀರು ಕುಡಿದರೆ ಅರ್ಧ ಅಂಗಿಗೆ. ಫೋನಿನಲ್ಲಿ ಅಮ್ಮ, "ಏನೋ ಇದು ತೊದಲು, ಕುಡ್ಕೊಂಡು ಬಂದಿದ್ದೀಯಾ?" ಎಂದು ಗದರಿದಳು. "ಇಲ್ಲಮ್ಮ, ಕ್ಲಾಸಲ್ಲಿ ಮರಗಟ್ಟೋ ಇಂಜೆಕ್ಷನ್ ಚುಚ್ಚಿಸ್ಕೊಂಡೆ" ಎಂದರೂ ನಂಬಲಿಲ್ಲ.

ಹಲ್ಲಿನ ಡಾಕ್ಟರಾಗುವವರು ಮೊದಲು ಒಬ್ಬರಿಗೊಬ್ಬರು ಚುಚ್ಚಿ ಕಲಿಯಬೇಕು. ಕೈ ನಡುಗುತ್ತದೆಂದು ನಾವೆಲ್ಲ ಗಡಗಡ ಎಂದು ಕರೆಯುವ ಕ್ಲಾಸಿನ ಹುಡುಗಿಯ ಮುಂದೆ ಬಾಯಿ ತೆರೆಯಲು ಯಾರೂ ಒಪ್ಪಲಿಲ್ಲ. ಇವತ್ತೂ ತಪ್ಪಿದರೆ ಅವಳನ್ನು ರೋಗಿಗಳ ಹತ್ತಿರ ಬಿಡುವುದಿಲ್ಲ ಎಂದಿದ್ದರು ಮೇಡಂ. ನಾನು ಹೋಗಿ ಕುರ್ಚಿಯಲ್ಲಿ ಒರಗಿದೆ. ಸಿರಿಂಜು ಹಿಡಿದದ್ದೇ ತಡ, ಆ ಕೈ ನಡುಗುವುದನ್ನೇ ಮರೆತುಬಿಟ್ಟಿತು.

ಸ್ವಲ್ಪ ಹೊತ್ತಿಗೆ, "ಗೊತ್ತಾಗ್ತಿದೆಯಾ?" ಎಂದಳು.

"ಏನು?"

"ನಿನ್ನ ತುಟಿ ಮುಟ್ತಿದೀನಿ ಕಣೋ!"

ಇಂಜೆಕ್ಷನ್ ಸರಿಯಾಗಿ ಹಿಡಿದ ಖುಷಿಗೆ ಮತ್ತೆ ಮತ್ತೆ ಮುಟ್ಟಿದಳು. ನಾನು ಅದನ್ನು ಕನ್ನಡಿಯಲ್ಲಿ ನೋಡಿದೆ, ಅಷ್ಟೇ.

ಔಷಧಿ ಏನನ್ನೂ ಅಳಿಸುವುದಿಲ್ಲ, ನರದಲ್ಲಿ ಸುದ್ದಿ ಹೋಗುವ ದಾರಿಯನ್ನು ಕೊಂಚ ಹೊತ್ತು ಮುಚ್ಚುತ್ತದೆ ಎನ್ನುತ್ತಾರೆ ಮೇಡಂ.

ಈಗ ಇರುವೆ ಹರಿದಂತೆ ತುಟಿಗೆ ಎಚ್ಚರವಾಗುತ್ತಿದೆ. ದಾರಿ ತೆರೆಯುತ್ತಿದೆ. ದೀಪ ಆರಿಸಿ ಸುಮ್ಮನೆ ಮಲಗಿರುತ್ತೇನೆ. ಸಂಜೆ ಅವಳ ಬೆರಳಿನಿಂದ ಹೊರಟ ಸುದ್ದಿ ಇನ್ನೂ ಆ ದಾರಿಯಲ್ಲೇ ಎಲ್ಲಾದರೂ ಕಾದು ನಿಂತಿದ್ದರೆ…