ಬೇಸಿನ್ ಮುಂದಿನ ಬಳೆ

ಜೂನ್ 3, ಮಂಗಳವಾರ

ಮತ್ತೆ ಎಳೆ ತಪ್ಪಿತು. ಬೆಳಿಗ್ಗೆಯಿಂದ ಹನ್ನೊಂದನೆಯ ಸಲ. ಬಿಸಿನೀರಿನ ಬೇಸಿನ್ನಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತವೆ. ನೂಲಿನ ತುದಿ ನನ್ನ ಬೆರಳಿಗೆ ಮಾತ್ರ ಸಿಗುವುದಿಲ್ಲ.

‘ಮೂವತ್ತೇ ದಿನ’ ಶೋದ ಎರಡನೆಯ ದಿನ. ಟಿವಿ ಎಂದರೆ ಜನರನ್ನು ಮಲಗಿಸುವ ಜೋಗುಳ ಎಂದು ನಂಬಿದವಳು ನಾನು. ಆದರೂ ಕೂಟಗಲ್‌ನಿಂದ ರಾಮನಗರದ ಈ ರೇಷ್ಮೆನೂಲಿನ ಕಾರ್ಖಾನೆಗೆ, ಈ ಫಿಲೇಚರ್‌ಗೆ ಬಂದೆ. ತಿಂಗಳಲ್ಲಿ ನೂಲು ತೆಗೆಯುವುದನ್ನು ಕಲಿತು, ಮೂವರು ನಿಜವಾದ ರೀಲರ್‌ಗಳ ಸಾಲಿನಲ್ಲಿ ಕೂರಬೇಕು. ಹೊಸಬಳು ನಾನೇ ಎಂದು ಪರೀಕ್ಷಕರಿಗೆ ಗೊತ್ತಾಗದಿದ್ದರೆ, ಕ್ಯಾಮೆರಾ ಮುಂದೆ ಒಂದು ನಿಮಿಷ ನನ್ನದು. ಲೈವ್. ಕತ್ತರಿ ಹಾಕುವಂತಿಲ್ಲ. ಈ ಹಬೆ ಹೊರಗೆ ಹೋಗಲು ಒಂದು ಫ್ಯಾನೂ ಇಲ್ಲ ಎಂದು ನಾಡಿಗೇ ಹೇಳುತ್ತೇನೆ.

ಕಲಿಸುವವರು ಖುರ್ಷಿದಾ ಆಪಾ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನಿನ್ನೆ ನನ್ನ ಕೈ ನೋಡಿದವರೇ, “ಬಳೆ ಹಾಕ್ಕೊಂಡು ಬೇಸಿನ್ ಮುಂದೆ ಯಾರಮ್ಮಾ ಕೂರ್ತಾರೆ? ಎಳೆ ಸಿಕ್ಕಾಕ್ಕೊಂತದೆ. ತೆಗಿ,” ಎಂದರು.

ಜೂನ್ 5

ಬಿಡದಿಯ ಕಾರ್ಖಾನೆ ಗೇಟಿನಲ್ಲಿ ನಾನು ಹಂಚುತ್ತಿದ್ದ ಸಂಘದ ಕಿರುಹೊತ್ತಿಗೆ ಓದಿ ಹೇಳಿದೆ... ಶ್ರಮದ ಘನತೆ, ಎರಡು ಪುಟ. ಆಪಾ ಪೂರ್ತಿ ಕೇಳಿದರು.

“ಚೆನ್ನಾಗೈತೆ. ಗೂಡು ಎಷ್ಟೊತ್ತು ಬೇಯಿಸ್ಬೇಕು ಅಂತ ಬರ್ದವ್ರಾ?”

ಬರೆದಿಲ್ಲ.

ಜೂನ್ 14

ಬೆರಳ ತುದಿ ಬೆಳ್ಳಗಾಗಿ ಸುಲಿದಿದೆ. ಸಾರು ತಾಗಿದರೆ ಉರಿ. ಆಪಾ ಅತ್ತ ಯಾರನ್ನೋ ಬೈಯುತ್ತಲೇ ಇತ್ತ ತುದಿ ಹಿಡಿಯುತ್ತಾರೆ. ಎಳೆ ತೆಳುವಾದದ್ದು ನನಗೆ ಕಾಣುವ ಮೊದಲೇ ಇನ್ನೊಂದು ಗೂಡು ಸೇರಿಸಿಯಾಗಿರುತ್ತದೆ. ಇಂಥ ಬುದ್ಧಿಯ ಬಗ್ಗೆ ನಾನು ಓದಿದ ಯಾವ ಹೊತ್ತಿಗೆಯಲ್ಲೂ ಇರಲಿಲ್ಲ.

“ಟಿವೀಲಿ ನೀವೇ ಮಾತಾಡ್ಬೇಕು ಆಪಾ,” ಎಂದೆ.

“ಮುಂಚೆ ಒಂದ್ಸಲ ಬಂದಿದ್ರು. ಅರ್ಧ ಗಂಟೆ ಮಾತಾಡಿದ್ದೆ ಕಣಮ್ಮಾ. ಎಲ್ಲಾ ಕತ್ತರಿಸಿ ಬರೀ ಕೈ ತೋರ್ಸಿದ್ರು.”

ಜೂನ್ 29

ನಾಲ್ಕು ಗಂಟೆ ಒಂದೂ ಎಳೆ ತಪ್ಪಲಿಲ್ಲ! ಆದರೆ ತುದಿ ಹಿಡಿಯುವಾಗ ಉಸಿರು ಬಿಗಿಹಿಡಿಯುತ್ತೇನಂತೆ.

“ನಮ್ಮೋರು ಯಾರೂ ಉಸಿರು ಕಟ್ಟಾಕಿಲ್ಲ. ಬೋರಲಿಂಗಯ್ಯನವ್ರು ಹಿಂದೆ ನಿಂತ್ರೆ ಸಾಕು, ಕಂಡುಹಿಡಿದ್ಬುಡ್ತಾರೆ,” ಎಂದರು ಆಪಾ.

ಅವರೇ ಪರೀಕ್ಷಕರು. ಬೇರೆ ಊರಿನಲ್ಲಿ ನಲವತ್ತು ವರ್ಷ ಫಿಲೇಚರ್ ನಡೆಸಿದವರು; ಇಲ್ಲಿನವರ ಮುಖ ಪರಿಚಯ ಇಲ್ಲ.

ಜುಲೈ 2, ಬುಧವಾರ

ನಾಲ್ವರು ಕೂತೆವು. ಆಪಾ ನನ್ನ ಪಕ್ಕ. ಬೋರಲಿಂಗಯ್ಯ ನನ್ನ ಬೆನ್ನ ಹಿಂದೆ ನಿಂತರು. ನಿಂತೇ ಇದ್ದರು. ಉಸಿರು ಕಟ್ಟಿತು. ಮುಗಿಯಿತು ಅಂದುಕೊಂಡೆ—

ಗಾಜಿನ ಸದ್ದು. ರವಿಕೆಯ ತೋಳಿನೊಳಗೆ ಮೇಲಕ್ಕೆ ಏರಿಸಿಕೊಂಡಿದ್ದ ಬಳೆಗಳನ್ನು ಆಪಾ ಮಣಿಕಟ್ಟಿಗೆ ಜಾರಿಸಿದ್ದರು. ಹಸಿರು ಬಳೆ, ಕೈ ತುಂಬ. ಎಳೆ ಸಿಕ್ಕಿ ತುಂಡಾಯಿತು.

ಬೋರಲಿಂಗಯ್ಯ ನಕ್ಕರು. “ಈಯಮ್ಮ ಕಣ್ರೀ ಹೊಸಬ್ಳು. ಬಳೆ ಹಾಕ್ಕೊಂಡು ನೂಲು ತೆಗೆಯೋಳು ಎಲ್ಲಾರಾ ಅವ್ಳಾ?”

ಸುತ್ತ ಇದ್ದವರೂ ನಕ್ಕರು. ಆಪಾ ತಲೆ ಎತ್ತಲಿಲ್ಲ. ತುಂಡಾದ ತುದಿ ಹುಡುಕುತ್ತಿದ್ದರು.

ನಾನು ಗೆದ್ದೆನಂತೆ. ಹೊರಗೆ ಬಂದು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

“ಟಿವೀಲಿ ಒಸಿ ಚೆಂದ ಕಾಣ್ಬೇಡ್ವಾ?”

ಮೂವತ್ತೊಂದು ವರ್ಷ ದುಡಿದು ಗಳಿಸಿದ ಹೆಸರು, ನನಗಾಗಿ.

ಜುಲೈ 3, ಬೆಳಿಗ್ಗೆ 10.50

ಲೈವ್‌ಗೆ ಹತ್ತು ನಿಮಿಷ. ನನ್ನ ಭಾಷಣ ಮಡಿಸಿ ಒಳಗಿಟ್ಟೆ. ನಿಮಿಷ ನನ್ನದು, ಯಾರಿಗೆ ಬೇಕಾದರೂ ಕೊಡುತ್ತೇನೆ ಎಂದು ಶೋದವರ ಜೊತೆ ಜಗಳ ಮಾಡಿ ಒಪ್ಪಿಸಿದೆ.

“ನಂಗೇನಮ್ಮಾ ಬತ್ತದೆ ಮಾತಾಡಕ್ಕೆ?” ಎಂದರು ಆಪಾ.

“ಗೂಡು ಎಷ್ಟೊತ್ತು ಬೇಯಿಸ್ಬೇಕು ಅಂತ ಶುರು ಮಾಡಿ. ಹಬೆಯ ಮಾತು ತಾನಾಗೇ ಬರುತ್ತೆ.”

ಈಗ ಬೇಸಿನ್ ಮುಂದೆ ಕೂತಿದ್ದಾರೆ. ಕೈಯಲ್ಲಿ ಒಂದು ಬಳೆಯೂ ಇಲ್ಲ. ಕ್ಯಾಮೆರಾದವನು ಕ್ಯಾಮೆರಾವನ್ನು ಕೈಯ ಕಡೆಗೆ ಇಳಿಸಿದ. ಮುಖ ತೋರಿಸಿ ಸಾರ್ ಎಂದೆ. ಎತ್ತಿದ. ಕೆಂಪು ದೀಪ ಹತ್ತಿತು. ಆಪಾ ಒಮ್ಮೆ ಕೆಮ್ಮಿ—