ಕೆಂಪು ಚುಕ್ಕೆಯ ಬಾಲ

ಗುಡ್ಡದ ಮೇಲಿನ ಠಾಣ್ಯದಿಂದ
18 ನವೆಂಬರ್ 2007

ಪ್ರೀತಿಯ ಫರ್ಜಾನಾಗೆ,

ಅಸ್ಸಲಾಮು ಅಲೈಕುಂ. ರೋಣದಲ್ಲಿ ನೀನು, ಮಗಳು ಸಿಮ್ರಾನ, ನಮ್ಮಪ್ಪ ಕಾಶೀಂಸಾಬ ಎಲ್ಲರೂ ಆರಾಮ ಇದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯದ್ದಕ್ಕೆ ನೀನು ಬೈದಿರುತ್ತಿ, ಬೈದದ್ದು ಇಲ್ಲಿಯತನಕ ಕೇಳಿಸಿದೆ. ಫೋನಿನಲ್ಲಿ ಹೇಳೋಣವೆಂದರೆ ಬೆನ್ನ ಹಿಂದೆ ಸರದಿ ನಿಂತಿರುತ್ತದೆ, ಎಲ್ಲರ ಕಿವಿಯೂ ನನ್ನ ಬಾಯಿಯ ಮೇಲೇ ಇರುತ್ತದೆ. ನಿನಗೆ ಉರ್ದು ಓದಲು ಬಾರದು, ನನಗೆ ಬರೆಯಲು ಬಾರದು. ಕನ್ನಡ ಸಾಲಿ ಕಲಿತದ್ದು ನಮ್ಮಿಬ್ಬರಿಗೆ ಇಷ್ಟಾದರೂ ಉಪಯೋಗಕ್ಕೆ ಬಂತು.

ಸಿಮ್ರಾನ ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು ಕೂಡುತ್ತಾಳೆ, ಎಷ್ಟು ಹೊತ್ತಾದರೂ ಪುಟ ತಿರುಗಿಸುವುದಿಲ್ಲ, ಬೈದರೆ ಕಣ್ಣು ತಿಕ್ಕಿಕೊಳ್ಳುತ್ತ ಅಳುವ ನಾಟಕ ಮಾಡುತ್ತಾಳೆ ಎಂದು ಬರೆದಿದ್ದಿ. “ಓದಾಕ ಕಳ್ಳಿ ಆಗ್ಯಾಳ, ನಿಮ್ಮ ಮುದ್ದಿನಿಂದನ ಹಿಂಗಾಗೇತಿ” ಎಂದು ತಪ್ಪನ್ನು ನನ್ನ ಮೇಲೂ ಹಾಕಿದ್ದಿ. ಹಾಕು, ಬೇಡ ಅನ್ನುವುದಿಲ್ಲ. ಆದರೆ ಈ ಪತ್ರ ಓದಿ ಮುಗಿಸುವ ತನಕ ಅವಳಿಗೆ ಒಂದು ಮಾತೂ ಅನ್ನಬೇಡ.

ಈಗ ನನ್ನ ಸುದ್ದಿ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ತುಕಡಿಗೆ ಬಂದೂಕಿನ ಮೇಲೆ ಕೂಡಿಸುವ ಹೊಸ ದುರ್ಬೀನುಗಳು ಬಂದವು. ಬಾಯಿರೂಢಿಗೆ ದುರ್ಬೀನು ಅನ್ನುತ್ತೇವೆ, ಆದರೆ ಅದು ದೂರದ್ದನ್ನು ಹತ್ತಿರ ತೋರಿಸುವುದಿಲ್ಲ. ಒಂದು ಸಣ್ಣ ಗಾಜು, ಅದರೊಳಗೆ ಒಂದು ಕೆಂಪು ಚುಕ್ಕೆ. ಬಂದೂಕು ಹಿಡಿದವನಿಗೆ ಮಾತ್ರ ಕಾಣುತ್ತದೆ, ಎದುರಿನವನಿಗೆ ಕಾಣುವುದಿಲ್ಲ. ಎರಡೂ ಕಣ್ಣು ತೆರೆದು ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಆಯಿತು. ಆದರೆ ಮೊದಲು ಅದನ್ನು ಬಂದೂಕಿಗೆ ಹೊಂದಿಸಬೇಕು. ಒಂದಿಷ್ಟು ಗುಂಡು ಹೊಡೆದು, ಅವು ಎಲ್ಲಿ ಗುಂಪಾಗಿ ಬಿದ್ದಿವೆ ನೋಡಿ, ಮೇಲೊಂದು ಪಕ್ಕಕ್ಕೊಂದು ಇರುವ ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸುತ್ತ ಗುಂಡು ಮತ್ತು ಚುಕ್ಕೆಯನ್ನು ಒಂದೇ ಜಾಗಕ್ಕೆ ತರಬೇಕು. ಬೆಳಕು ಹೆಚ್ಚಿಟ್ಟರೆ ಚುಕ್ಕೆ ಉಬ್ಬಿ ಗುರಿಯನ್ನೇ ನುಂಗಿಬಿಡುತ್ತದೆ. ಇದನ್ನೆಲ್ಲ ಹುಡುಗರಿಗೆ ಕಲಿಸುವ ಉಸ್ತಾದನನ್ನಾಗಿ ಸಾಹೇಬರು ನನ್ನನ್ನೇ ಆರಿಸಿದರು. ತುಕಡಿಯಲ್ಲಿ ಕಣ್ಣೆಂದರೆ ಖಾದರನದು ಎಂಬ ಮಾತಿತ್ತಲ್ಲ. ನಾನೂ ಉಬ್ಬಿ ಹೋಗಿದ್ದೆ.

ಹುಡುಗರ ಗುಂಡುಗಳೆಲ್ಲ ಮುಷ್ಟಿಯಷ್ಟು ಜಾಗದಲ್ಲಿ ಬಿದ್ದವು. ಉಸ್ತಾದನ ಗುಂಡುಗಳು ಮಾತ್ರ ಒಂದು ಅಲ್ಲಿ, ಒಂದು ಇಲ್ಲಿ. ನನಗೆ ಕಾಣುತ್ತಿದ್ದ ಚುಕ್ಕೆ ದುಂಡಗಿರಲಿಲ್ಲ. ಅದರ ಮೇಲೆ ಇನ್ನೊಂದು ಮರಿಚುಕ್ಕೆ, ಎರಡರ ನಡುವೆ ಒಂದು ಬಾಲ. ಯಾವುದನ್ನು ಗುರಿಯ ಮೇಲೆ ಇಡಲಿ? ತಿರುಪು ತಿರುಗಿಸಿದೆ, ಬೆಳಕು ತಗ್ಗಿಸಿದೆ, ಗಾಜು ಒರೆಸಿದೆ, ಬ್ಯಾಟರಿ ಬದಲಿಸಿದೆ. ಬಾಲ ಹೋಗಲಿಲ್ಲ. ಹಿಂದೆ ಹುಡುಗರು ಕಿಸಿಕಿಸಿ ನಗುವುದು ಕೇಳಿ ನನ್ನ ತಲೆ ಕೆಟ್ಟಿತು.

ಸಿಟ್ಟಿನಲ್ಲಿ ಬಂದೂಕು ಎತ್ತಿಕೊಂಡು ಕನಕಪ್ಪನ ಹತ್ತಿರ ಹೋದೆ. ಅವನು ಬೆಳವಣಕಿಯವನು, ನಮ್ಮ ಬಂದೂಕುಗಳ ರಿಪೇರಿ ಅವನದೇ. ಇಲ್ಲಿ ನನ್ನ ಜೊತೆ ಕೂತು ಜೋಳದ ರೊಟ್ಟಿಯ ನೆನಪು ತೆಗೆಯುವವನೂ ಅವನೊಬ್ಬನೇ. “ಮಾಲು ಖೊಟ್ಟಿ ಐತಿ, ವಾಪಸ್ ಕಳಸು” ಎಂದೆ.

ಅವನು ಕಣ್ಣಿಗೆ ಹಿಡಿದು ನೋಡಿದ. “ದುಂಡಗನ ಐತಲ್ರಿ ಖಾದರಭಾಯಿ.”

“ಹಂಗಾರ ನಾ ಸುಳ್ಳ ಹೇಳಾಕತ್ತೇನೇನು?”

ಅವನು ದುರ್ಬೀನನ್ನು ಬಂದೂಕಿನಿಂದ ಬಿಚ್ಚಿ, ನನ್ನ ಬಲಗಣ್ಣಿನ ಮುಂದೆ ಹಿಡಿದು ಮೆಲ್ಲಗೆ ಹೊರಳಿಸಿದ. “ಬಾಲ ತಿರಗತೇನ್ರಿ?”

“ಇಲ್ಲೋ, ಮ್ಯಾಲ ಐತಿ, ಇದ್ದಲ್ಲೇ ಐತಿ.”

“ಈಗ ನಾ ಗಟ್ಟಿ ಹಿಡದಿರ್ತೀನಿ. ನೀವು ತಲಿ ಹೆಗಲ ಕಡೆ ವಾಲಸ್ರಿ.”

ವಾಲಿಸಿದೆ. ಬಾಲವೂ ವಾಲಿತು. ಇನ್ನೊಂದು ಹೆಗಲಿಗೆ ವಾಲಿಸಿದೆ, ಬಾಲ ಆ ಕಡೆ ಬಂತು. ಕನಕಪ್ಪ ಸ್ವಚ್ಛವಾಗಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತ ಕೂತ. ಕೊನೆಗೆ, “ಖೊಟ್ಟಿ ಇದ್ದದ್ದು ಮಾಲ್ ಅಲ್ರಿ. ನಾಳೆ ಒಮ್ಮೆ ದವಾಖಾನಿಗೆ ಹೋಗಿ ಬರ್ರಿ” ಎಂದ.

ದವಾಖಾನೆಯಲ್ಲಿ ಒಬ್ಬರು ಡಾಕ್ಟರಮ್ಮ ನೋಡಿದರು, ಎರಡನೆಯ ಸಲ ದೊಡ್ಡ ಯಂತ್ರದಲ್ಲಿ ನೋಡಿದರು. ಕಣ್ಣಿನ ಮುಂದೆ ಗಾಜಿನಂಥ ಪದರ ಇರುತ್ತದಂತೆ. ದುಂಡಗಿರಬೇಕಾದದ್ದು ನನಗೆ ತೆಳುವಾಗಿ ಚೂಪಾಗುತ್ತ ನಡೆದಿದೆ. ಕನ್ನಡಕದಿಂದ ಪೂರಾ ಸರಿಯಾಗುವುದಿಲ್ಲ, ಗಟ್ಟಿ ಲೆನ್ಸ್ ಹಾಕಬೇಕು, ಅದಕ್ಕೂ ಬಗ್ಗದಿದ್ದರೆ ಸತ್ತವರ ಕಣ್ಣಿನ ಪದರ ತಂದು ಕೂಡಿಸಬೇಕಂತೆ. ನನ್ನ ವಯಸ್ಸಿಗೆ ರೋಗ ನಿಧಾನ, ಸಣ್ಣವರಿಗೆ ಬಂದರೆ ಜೋರು ಎಂದರು. ಕಣ್ಣು ತಿಕ್ಕಿಕೊಂಡಷ್ಟೂ ಹೆಚ್ಚಾಗುತ್ತದಂತೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದು ಹೇಳಿ ಹೊರಗೆ ಬಂದೆ.

ಬಾಗಿಲು ದಾಟುತ್ತಲೇ ನಮ್ಮವ್ವನ, ಸಿಮ್ರಾನಳ ದಾದಿಯ ನೆನಪಾಯಿತು. ರಮಜಾನ ಮುಗಿಯುವ ಸಂಜೆ ಓಣಿಯವರೆಲ್ಲ ಮಾಳಿಗೆ ಹತ್ತಿ ಚಾಂದ್ ಹುಡುಕುವಾಗ ಅವಳು ಪ್ರತಿ ವರ್ಷ, “ಎರಡ ಅದಾವಲ್ಲೋ, ಒಂದರ ಬೆನ್ನಿಗೆ ಒಂದು” ಅನ್ನುತ್ತಿದ್ದಳಲ್ಲ. “ಮುಮತಾಜಬಿ ಮನ್ಯಾಗ ಎರಡ ಈದ್” ಎಂದು ಓಣಿಗೆ ಓಣಿಯೇ ನಗುತ್ತಿತ್ತು. ನಕ್ಕವರ ಜೊತೆ ಅವಳೂ ನಗುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕೂಗುತ್ತಿದ್ದಳು. ಕೊನೆಕೊನೆಗೆ ಗೋಡೆ ಹಿಡಿದು ನಡೆದಾಡುವಾಗ, ಕೌದಿ ಹೊಲಿದು ಹೊಲಿದು ಕಣ್ಣು ಹೋದವು ಎಂದೆವು, ಅವಳೂ ಹಾಗೇ ಅಂದಳು. ಅವಳಿಗೆ ಕಂಡದ್ದು ಖರೇ ಇತ್ತು, ಫರ್ಜಾನಾ. ಅದನ್ನು ಹೇಳೋಣವೆಂದರೆ ಈಗ ಅವಳಿಲ್ಲ. ಅಲ್ಲೇ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ನನ್ನ ಬಂದೂಕು ತೆಗೆದುಕೊಂಡರು. ಈಗ ಅಡುಗೆಮನೆಯ ಉಗ್ರಾಣದಲ್ಲಿ ಬೇಳೆ ತೂಗುತ್ತೇನೆ. ಹುಡುಗರು ಇನ್ನೂ ಉಸ್ತಾದ್ ಅನ್ನುತ್ತಾರೆ, ಅದೇ ಹೆಚ್ಚು ನೋಯುತ್ತದೆ. ಮುಂದೆ ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಕಳಿಸಿದರೆ ಊರಲ್ಲಿ ಏನಾದರೂ ಮಾಡಿಕೊಂಡು ಇರೋಣ, ನಿನಗೆ ದಿನವೂ ಬೈಯಲು ಒಬ್ಬ ಸಿಕ್ಕಂತಾಯಿತು. ಅಪ್ಪನಿಗೆ ಈಗಲೇ ಹೇಳಬೇಡ. ಅವ್ವನ ವಿಷಯ ತಿಳಿದರೆ ಮುದುಕ ಕುಗ್ಗಿಹೋದಾನು.

ನಿಮ್ಮ ಮೂವರ ಮೇಲೂ ಅಲ್ಲಾಹನ ನೆರಳಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ನನ್ನ ಚಿಂತೆಯಲ್ಲಿ ಒಲೆ ಆರಿಸಿ ಕೂಡಬೇಡ. ಸಿಮ್ರಾನಳ ತಲೆ ಸವರಿ ನನ್ನ ದುವಾ ತಿಳಿಸು.

ನಿನ್ನ
ಖಾದರ

ತಾ.ಕ.: ನನ್ನ ಕಣ್ಣಿಗಾಗಿ ನಾನು ನಿದ್ದೆ ಕೆಟ್ಟಿಲ್ಲ. ಈ ಪತ್ರ ಮುಟ್ಟಿದ ದಿನವೇ ಸಂಜೆ ಟಿವಿ ಬಂದ್ ಮಾಡಿ ಅದರ ಕೆಂಪು ದೀಪವಷ್ಟೇ ಉರಿಯುವಂತೆ ಬಿಡು. ಸಿಮ್ರಾನಳನ್ನು ಎದುರು ಕೂಡಿಸಿಕೊಂಡು, ಆಟವೆಂದು ಹೇಳಿ ಒಂದು ಕಣ್ಣು ಮುಚ್ಚಿಸು, ಆಮೇಲೆ ಇನ್ನೊಂದು. ದೀಪಕ್ಕೆ ಬಾಲ ಇದೆಯಾ ಕೇಳು. ಇದೆ ಅಂದರೆ ತಲೆ ವಾಲಿಸಲು ಹೇಳು. ಬಾಲವೂ ವಾಲಿತು ಅಂದರೆ ಅವಳೆದುರು ಅಳಬೇಡ. ಗಜೇಂದ್ರಗಡದಿಂದ ನಿನ್ನ ತಮ್ಮ ಅಯಾಜನನ್ನು ಕರೆಸಿಕೊಂಡು ಮರುದಿನವೇ ಹುಬ್ಬಳ್ಳಿಯ ದೊಡ್ಡ ಕಣ್ಣಿನ ದವಾಖಾನೆಗೆ ಹೋಗು. ನರಗುಂದದ ಕನ್ನಡಕದ ಅಂಗಡಿಯವರಿಗೆ ಇದು ತಿಳಿಯುವುದಿಲ್ಲ. ಅವಳು ಕಣ್ಣು ತಿಕ್ಕಿಕೊಂಡರೆ ಹೊಡೆಯಬೇಡ, ಕೈ ಹಿಡಿದುಕೋ.

ಈ ಸಲ ಈದಿನ ಹಿಂದಿನ ಸಂಜೆ ಅವಳು ಮಾಳಿಗೆಯಿಂದ ಓಡಿ ಬಂದು ನಿನ್ನ ಕೈಯಿಂದ ಫೋನ್ ಕಸಿದುಕೊಂಡಿದ್ದಳು, ನೆನಪಿದೆಯಾ? “ಅಬ್ಬಾ, ನನಗೂ ದಾದಿ ಹಂಗ ಎರಡ ಚಾಂದ್ ಕಂಡ್ವು!” ಎಂದಳು. ನಾನು ಜೋರಾಗಿ ನಕ್ಕು, ಹಾಗಾದರೆ ನಿನಗೆ ಎರಡು ಜೊತೆ ಹೊಸ ಬಟ್ಟೆ ಎಂದೆ. ಅವಳು ಖುಷಿಯಿಂದ ಕುಣಿದ ಸದ್ದು ಇಲ್ಲಿಯತನಕ ಕೇಳಿಸಿತು.