ಡಾಕ್ಟರು ಬೈತಾರೆ ಅಂತ

ಜೋಗುಪಾಳ್ಯ, ಹಲಸೂರು
21 ಫೆಬ್ರವರಿ 2024, ಬುಧವಾರ

ಪ್ರೀತಿಯ ದೊಡ್ಡಮ್ಮನಿಗೆ ನಿನ್ನ ತೇಜು ಮಾಡುವ ನಮಸ್ಕಾರ.

ಮಂಡಿಯ ಊತ ಇಳಿಯಿತೇ? ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಅಮ್ಮನನ್ನು ನೆನೆದು ತಟ್ಟೆ ತಳ್ಳುತ್ತಿದ್ದೀಯಾ? ತಂಗಿಯ ಮುಖ ಕೊನೆಯ ಸಲ ನೋಡಲಾಗಲಿಲ್ಲ ಎಂದು ಕೊರಗಬೇಡ. ಎದ್ದು ನಿಲ್ಲಲಾಗದವಳು ಮುಳಬಾಗಿಲಿನಿಂದ ಹೇಗೆ ಬರುತ್ತಿದ್ದೆ? ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಅಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ತಿಥಿ ಮುಗಿಸಿಕೊಂಡು ಹೊರಟಿರುವ ನಿನ್ನ ಮಗ ಮಧುಕರಣ್ಣನ ಕೈಯಲ್ಲೇ ಕಳಿಸುತ್ತೇನೆ.

ಅಮ್ಮನಿಗೆ ಏನಾಯಿತು ಎಂದು ಕೇಳಿದ್ದೆಯಲ್ಲ. ಪಿತ್ತಕೋಶದ ಕಲ್ಲಿನ ಆಪರೇಷನ್, ಮರುದಿನವೇ ಮನೆಗೆ ಅಂದಿದ್ದರು. ಆಪರೇಷನ್ ನಡೆಯುತ್ತಿದ್ದಾಗ ಬಿಪಿ ಇಳಿಯುತ್ತಾ ಹೋಯಿತಂತೆ. ಒಳಗೆ ರಕ್ತ ಸೋರುತ್ತಿದೆಯೇ ಎಂದು ನೋಡಿದರು, ಇಲ್ಲ. ಹೃದಯ ನೋಡಿದರು, ಸರಿಯಾಗಿಯೇ ಇತ್ತು. ಬಿಪಿ ಏರಿಸುವ ಔಷಧಿ ಕೊಟ್ಟರೂ ಜಗ್ಗಲಿಲ್ಲ. ಕೊನೆಗೆ ಅರಿವಳಿಕೆಯ ಡಾಕ್ಟರ್ ನಂದಿತಾ ಹೊರಗೆ ಓಡಿ ಬಂದರು. "ಅಮ್ಮನ ಮುಖ ಮೊದಲಿಂದ್ಲೂ ಇಷ್ಟು ದುಂಡಗಿತ್ತಾ? ಕೈ ಮೇಲೆಲ್ಲ ನೀಲಿ ಕಲೆ ಇದೆ. ನೋವಿಗೆ ಅಂತ ಏನಾದ್ರೂ ತಗೋತಿದ್ರಾ?" ಆ ಮುಖಕ್ಕೆ ನಾವು ರಾಗಿಮುದ್ದೆ ಎಂದು ಗೇಲಿ ಮಾಡುತ್ತಿದ್ದೆವಲ್ಲ, ದೊಡ್ಡಮ್ಮಾ! ಆಗ ನೆನಪಾಯಿತು, ಮಾರ್ಕೆಟ್ ಹಿಂದಿನ ಪಂಡಿತನ ಮಂಡಿನೋವಿನ ಪುಡಿ. ನೀವಿಬ್ಬರೂ ವರ್ಷಗಟ್ಟಲೆ ಜೇನುತುಪ್ಪದಲ್ಲಿ ಕಲಸಿ ನೆಕ್ಕಿದ ಪುಡಿ.

ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾನಂತೆ. ದಿನವೂ ಹೊರಗಿನಿಂದ ಸಿಕ್ಕರೆ ಮೈ ತಾನೇ ಅದನ್ನು ಮಾಡಿಕೊಳ್ಳುವುದನ್ನು ಮರೆಯುತ್ತದೆ. ಥಟ್ಟನೆ ಬಿಟ್ಟು ಆಪರೇಷನ್‌ಗೆ ಹೋದರೆ ಬಿಪಿ ನಿಲ್ಲುವುದಿಲ್ಲ. ಅಮ್ಮ ಮಾಡಿದ್ದೂ ಅದನ್ನೇ. ನಾಟಿ ಔಷಧಿ ಅಂದರೆ ಡಾಕ್ಟರು ಬೈತಾರೆ ಎಂದು ಹೆದರಿ ಒಂದು ವಾರ ಮೊದಲೇ ಪುಡಿ ಬಿಟ್ಟಿದ್ದಳು. ಕೇಳಿದವರಿಗೆ ಏನೂ ತಗೊಳ್ಳಲ್ಲ ಅಂದಿದ್ದಳು. ನಂದಿತಾ ಕೊಟ್ಟ ಇಂಜೆಕ್ಷನ್‌ಗೆ ಬಿಪಿ ಏರಿತು, ಆದರೆ ಅಟ್ಟ ಮೇಲೆ ಒಲೆ ಉರಿದ ಹಾಗಾಯಿತು. ಅಷ್ಟರಲ್ಲಿ ಕಿಡ್ನಿ ಸೋತಿತ್ತು. ಐಸಿಯುನಲ್ಲಿ ಒಮ್ಮೆ ಕಣ್ಣು ಬಿಟ್ಟವಳು ನನ್ನ ಕೈ ಹಿಡಿದು, "ಪುಡಿ ವಿಷ್ಯ ಹೇಳ್ಬಿಟ್ಯೇನೇ?" ಅಂದಳು. ಅದೇ ಕೊನೆಯ ಮಾತು. ನನಗಿನ್ನೂ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿಲ್ಲ.

ಆ ಪುಡಿ ತೋರಿಸಿಕೊಟ್ಟವಳು ನಾನೇ ಎಂದು ನೀನು ಹಣೆ ಚಚ್ಚಿಕೊಳ್ಳಬೇಡ. ಅದನ್ನು ತಿಂದೇ ಅಮ್ಮ ಹಲಸೂರು ಕೆರೆ ಸುತ್ತಿ ಬರುತ್ತಿದ್ದಳು. "ನಮ್ಮಕ್ಕ ನಂಗೆ ಕಾಲು ಕೊಟ್ಲು" ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದಳು. ಅವಳಿಗೆ ನಿನ್ನ ಮೇಲೆ ಎಂದೂ ಬೇಸರವಿರಲಿಲ್ಲ, ನನಗೂ ಇಲ್ಲ.

ಮೊಮ್ಮಕ್ಕಳಿಗೆ ನನ್ನ ಮುತ್ತು. ನೀನು ಅಲ್ಲಿಂದಲೇ ನನ್ನ ತಲೆ ನೇವರಿಸು.

ನಿನ್ನ
ತೇಜಶ್ರೀ

ವಿ.ಸೂ.: ದೊಡ್ಡಮ್ಮಾ, ಚಪ್ಪಲಿ ಮೆಟ್ಟುತ್ತಾ ಅಣ್ಣ ಈಗ ಹೇಳಿದ. ಸೋಮವಾರ ನಿನಗೂ ಮಂಡಿ ಆಪರೇಷನ್ ಅಂತೆ, ಡಾಕ್ಟರು ಬೈತಾರೆ ಅಂತ ನೀನೂ ಮೊನ್ನೆಯಿಂದ ಪುಡಿ ಬಿಟ್ಟಿದ್ದೀಯಂತೆ. ಓದಿದ ಕೂಡಲೇ ಆಸ್ಪತ್ರೆಗೆ ಹೋಗು. ಪೊಟ್ಟಣವನ್ನೇ ಡಾಕ್ಟರ ಕೈಗಿಟ್ಟು ಎಲ್ಲ ಹೇಳು. ಅಣ್ಣನಿಗೂ ಹೇಳಿದ್ದೇನೆ, ಆದರೆ ನೀನು ಅವನ ಮಾತು ಕೇಳುವವಳಲ್ಲ. ಬೈದರೆ ಬೈಸಿಕೋ. ನನಗೆ ಉಳಿದಿರುವ ಅಮ್ಮ ನೀನೊಬ್ಬಳೇ.